ಬೋರಲು ಗಡಿಗೆ

ನಮ್ಮೂರಿಗೆ ಹೊಸದಾಗಿ ಬಂದವರ ಕಣ್ಣಿಗೆ ಮೊದಲು ಬೀಳುವುದು ಗೋಡೆಗಳು. "ಇದೇನಮ್ಮ, ಎಲ್ಲಿ ನೋಡಿದ್ರೂ ಗಡಿಗೆ ಚಿತ್ರ! ಗಡಿಗೆ ಗುರುತಿನೋರು ಯಾರಾದ್ರೂ ಎಲೆಕ್ಷನ್‌ಗೆ ನಿಂತವ್ರಾ?" ಎಂದು ಕೇಳುತ್ತಾರೆ. ನಾವು ನಕ್ಕು ಸುಮ್ಮನಾಗುತ್ತೇವೆ. ಹುಟ್ಟಿದಾಗಿನಿಂದ ಕಂಡದ್ದನ್ನು ಹೇಗೆಂದು ಬಿಡಿಸಿ ಹೇಳುವುದು? ಯಾವುದಾದರೂ ಒಂದು ಮನೆಯವರು ಏನನ್ನಾದರೂ ಕಾಯುತ್ತಿದ್ದಾರೆ ಎಂದರೆ, ಅದು ಹೆರಿಗೆಯಿರಲಿ, ಕಾಯಿಲೆಯಿರಲಿ, ಮಗಳಿಗೆ ಗಂಡು ಒಪ್ಪುವುದಿರಲಿ, ಬೀದಿಯ ಪ್ರತಿ ಮನೆಯಿಂದ ಆ ಮನೆಯ ಹೊರಗೋಡೆಗೆ ಒಂದೊಂದು ಹಾಳೆ ಬರಬೇಕು. ಒಳ್ಳೆಯದಾಗುತ್ತದೆ ಅನ್ನಿಸಿದವರು ತುಂಬಿದ ಗಡಿಗೆ ಬರೆಯುತ್ತಾರೆ, ಬಾಯಿಗೆ ಮಾವಿನ ಸೊಪ್ಪು ಇಟ್ಟು. ಆಗುವುದಿಲ್ಲ ಅನ್ನಿಸಿದವರು ಬೋರಲು ಹಾಕಿದ ಗಡಿಗೆ ಬರೆಯುತ್ತಾರೆ. ಬಾಯಲ್ಲಿ ಮಾತ್ರ ಯಾರೂ ಏನೂ ಹೇಳುವಂತಿಲ್ಲ. ಅಪ್ಪಿತಪ್ಪಿ ಹೇಳಿದರೆ ಹಿರಿಯರು, "ನಾಲಿಗೆ ಒಳಗಿಟ್ಕೊಂಡು ಹಾಳೆ ಮೇಲೆ ಬರಿ ಹೋಗು" ಎಂದು ಗದರಿಸುತ್ತಾರೆ.

ಕಾದದ್ದು ಆಗಿ ಮುಗಿದ ಮೇಲೆ ನಿಜವಾದ ಹಾಳೆಗಳು ತಾವೇ ಉದುರಿಬಿಡುತ್ತವೆ. ಬೆಳಗ್ಗೆ ಎದ್ದು ಕಸದ ಜೊತೆ ಗುಡಿಸಿದರಾಯಿತು. ಸುಳ್ಳಾದ ಹಾಳೆಯ ಕಥೆ ಬೇರೆ. ಅದನ್ನು ಅಂಟಿಸಿದವರೇ ಬಂದು, ಹಗಲು ಹೊತ್ತಿನಲ್ಲಿ, ನಾಲ್ಕು ಜನರ ಎದುರಿಗೆ ಕೀಳಬೇಕು. ಇನ್ನೊಬ್ಬರು ಉಗುರು ಹಾಕಿದರೂ ಬರುವುದಿಲ್ಲ, ಉಳಿ ಹಾಕಿದರೂ ಬರುವುದಿಲ್ಲ. ಮಳೆಗೆ ನೆನೆಯುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ಅದನ್ನು ಕೀಳುವ ತನಕ ಅಂಟಿಸಿದವರು ಯಾರ ಗೋಡೆಗೂ ಇನ್ನೊಂದು ಹಾಳೆ ಹಚ್ಚುವಂತಿಲ್ಲ. ಅದು ಕಟ್ಟಳೆ.

ಕೀಳುವುದರಲ್ಲೂ ಎರಡು ಬಗೆ. ಸುಳ್ಳಾದ ಬೋರಲು ಗಡಿಗೆ ಕೀಳುವುದೆಂದರೆ ಹಬ್ಬ. ಕೆಟ್ಟದಾಗುತ್ತೆ ಅಂದುಕೊಂಡಿದ್ದೆವು, ಒಳ್ಳೆಯದಾಯಿತು, ಯಾರಿಗೆ ಬೇಜಾರು? ಹೋಗುತ್ತೇವೆ, ಮನೆಯೊಡತಿ ಕೈಗೆ ನೀರು ಹಾಕುತ್ತಾಳೆ, ಹಾಳೆ ಸಲೀಸಾಗಿ ಬಿಡುತ್ತದೆ, "ಥೂ ನಿನ್ನ ಕರಿನಾಲಿಗೆಗೆ ಇಷ್ಟು!" ಎಂದು ಬೈದು ಬಾಯಿಗೆ ಬೆಲ್ಲ ಹಾಕುತ್ತಾಳೆ, ತಿಂದು ನಗುತ್ತಾ ಬರುತ್ತೇವೆ. ಸುಳ್ಳಾದ ತುಂಬಿದ ಗಡಿಗೆ ಕೀಳುವುದಿದೆಯಲ್ಲ, ಅದು ಹಗೆಯವರಿಗೂ ಬೇಡ. ಎಷ್ಟು ನೀರು ಹೊಯ್ದರೂ ಬಿಡುವುದಿಲ್ಲ. ಕೆರೆದು ಕೆರೆದು ತೆಗೆಯಬೇಕು. ಗೋಡೆಯ ಸುಣ್ಣ, ಸುಣ್ಣದ ಹಿಂದಿನ ಮಣ್ಣು, ಎಲ್ಲವನ್ನೂ ಕಿತ್ತುಕೊಂಡು ಬರುತ್ತದೆ. ಒಳಗೆ ಮನೆಯವರು ಅಳುತ್ತಿರುತ್ತಾರೆ, ಹೊರಗೆ ನಾವು ಗೋಡೆ ಕೆರೆಯುತ್ತಿರುತ್ತೇವೆ.

ನನ್ನ ಕೈಬರಹದ ಮಾತು ಬಿಡಿ. ನಾನು ಬರೆದ ಗಡಿಗೆ ನಿಂತಿದೆಯೋ ಬೋರಲು ಬಿದ್ದಿದೆಯೋ ಯಾರಿಗೂ ತಿಳಿಯುವುದಿಲ್ಲ. "ಹೊನ್ನಕ್ಕ, ಕುಂಬಳಕಾಯಿ ಚೆನ್ನಾಗಿ ಬಂದೈತೆ" ಅನ್ನುತ್ತಾರೆ. ಆದರೆ ನಮ್ಮ ಬೀದಿಯಲ್ಲಿ ಚೆನ್ನಾಜಮ್ಮನ ಹಾಳೆ ಎಂದರೆ ಚೆನ್ನಾಜಮ್ಮನ ಹಾಳೆಯೇ. ಕಾಡಿಗೆಯನ್ನು ಹರಳೆಣ್ಣೆಯಲ್ಲಿ ಅರೆದು, ಬೇವಿನ ಕಡ್ಡಿಯ ತುದಿ ಜಜ್ಜಿ ಬರೆಯುತ್ತಿದ್ದಳು. ಅವಳ ಗಡಿಗೆಯ ಹೊಟ್ಟೆಯ ಮೇಲೆ ಬೆಳಕು ಬಿದ್ದದ್ದು ಕಾಣುತ್ತಿತ್ತು, ತಳಕ್ಕೆ ಹತ್ತಿದ ಮಸಿಯೂ ಕಾಣುತ್ತಿತ್ತು. ಆಚೆ ಬೀದಿಯವರೂ ಬಂದು ನೋಡಿ ಹೋಗುತ್ತಿದ್ದರು. ಚಿತ್ರ ಚೆನ್ನ ಅನ್ನುವುದೊಂದಾದರೆ, ಅದು ಸುಳ್ಳಾಗಿದ್ದೇ ಇಲ್ಲ ಅನ್ನುವುದು ಇನ್ನೊಂದು. ಅವಳ ಹಾಳೆ ಎಲ್ಲಿ ಅಂಟಿಸಿದರೂ ತಾನೇ ಉದುರುತ್ತಿತ್ತು. ನೀರಿನ ಚೊಂಬು ಹಿಡಿದು ಯಾರ ಬಾಗಿಲಿಗೂ ಅವಳು ಹೋದದ್ದನ್ನು ನಾನು ಕಂಡಿರಲಿಲ್ಲ.

ಒಂದು ಗುಟ್ಟೂ ಇತ್ತು, ಗುಟ್ಟೆಂದರೆ ಬೀದಿಗೆಲ್ಲ ಗೊತ್ತಿದ್ದ ಗುಟ್ಟು. ಚೆನ್ನಾಜಮ್ಮ ತುಂಬಿದ ಗಡಿಗೆ ಬರೆಯುತ್ತಲೇ ಇರಲಿಲ್ಲ. ಒಳ್ಳೆಯದಾಗುವ ಲಕ್ಷಣ ಎದ್ದು ಕಾಣುತ್ತಿದ್ದರೆ ಹುಷಾರಿಲ್ಲವೆಂದು ಮಲಗಿ ಗಂಡ ಮೂಡ್ಲಯ್ಯನ ಕೈಯಲ್ಲೇ ಹಾಳೆ ಬರೆಸಿ ಕಳಿಸುತ್ತಿದ್ದಳು. ಕೆಟ್ಟದಾಗುವ ವಾಸನೆ ಬಂದಲ್ಲಿ ಮಾತ್ರ ತಾನೇ ಕೂತು ಬರೆಯುತ್ತಿದ್ದಳು. ಅದಕ್ಕೆ ಕಾರಣವಿತ್ತು. ಅವಳ ಚೊಚ್ಚಲ ಹೆರಿಗೆಯ ಸಮಯದಲ್ಲಿ ಅವಳ ಗೋಡೆಯ ತುಂಬ ತುಂಬಿದ ಗಡಿಗೆಗಳೇ. ವಯಸ್ಸಿನ ಹುಡುಗಿ, ಗಟ್ಟಿಮುಟ್ಟು ಮೈ, ಯಾರು ತಾನೇ ಬೋರಲು ಬರೆದಾರು? ಮಗು ಉಳಿಯಲಿಲ್ಲ. ಮಾರನೆಯ ದಿನ ಬೀದಿಗೆ ಬೀದಿಯೇ ಕೆರೆಯಲು ಬಂತು. ಒಳಗೆ ಬರಿಮಡಿಲಲ್ಲಿ ಮಲಗಿದ್ದ ಚೆನ್ನಾಜಮ್ಮ ಬೆಳಗಿನಿಂದ ಸಂಜೆಯವರೆಗೆ ಆ ಕರಕರ ಸದ್ದು ಕೇಳಿದಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. "ಆಸೆ ತೋರ್ಸಿ ಆಮೇಲೆ ಗೋಡೆ ಕೆರೆಯೋ ಪಾಪ ನನಗೆ ಬೇಡ ಹೊನ್ನಕ್ಕ" ಎಂದು ಒಮ್ಮೆ ನನ್ನೊಡನೆ ಹೇಳಿದ್ದಳು. ಅವಳ ನೋವು ಅವಳಿಗೆ.

ಅವಳ ತಂಗಿ ದೇವೀರಮ್ಮನನ್ನು ಕೊಟ್ಟದ್ದೂ ಇದೇ ಬೀದಿಗೆ, ನಮ್ಮ ಎದುರು ಮನೆ ಕರಿಯಣ್ಣನಿಗೆ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ, ಕಣ್ಣುರೆಪ್ಪೆಗೂ ಹಿಟ್ಟು ಮೆತ್ತಿಕೊಂಡೇ ಓಡಾಡುವ ಒಳ್ಳೆಯ ಮನುಷ್ಯ. ಅಕ್ಕತಂಗಿಯರೆಂದರೆ ಅವರಪ್ಪಾ. ಅಕ್ಕ ಹುಳಿ ಕುದಿಸಿದರೆ ತಂಗಿಯ ಮನೆಗೆ ಒಂದು ಬಟ್ಟಲು, ತಂಗಿ ರೊಟ್ಟಿ ತಟ್ಟಿದರೆ ಅಕ್ಕನಿಗೆ ಮೊದಲ ರೊಟ್ಟಿ. ದೇವೀರಿಗೂ ಬಹಳ ಕಾಲ ಮಕ್ಕಳಿಲ್ಲ. ಇನ್ನು ಆಗುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಮೇಲೆ, ತಲೆಯಲ್ಲಿ ಬಿಳಿಕೂದಲು ಇಣುಕುವ ವಯಸ್ಸಿನಲ್ಲಿ, ಅವಳು ಬಸುರಾದಳು.

ಹಾಳೆ ಹಚ್ಚುವ ದಿನ ಬಂತು. ಎಲ್ಲರೂ ಹಾಳೆ, ಮಸಿ ಮುಂದಿಟ್ಟುಕೊಂಡು ಕೂತಿದ್ದೇವೆ, ಯಾರೂ ಬರೆಯುತ್ತಿಲ್ಲ. ಚೆನ್ನಾಜಮ್ಮ ಏನು ಹಚ್ಚುತ್ತಾಳೋ ನೋಡೋಣ ಎಂದು ಕಾಯುತ್ತಿದ್ದೇವೆ. ಮಧ್ಯಾಹ್ನ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಅಂಟಿಗೆ ರಾಗಿ ಗಂಜಿಯ ಬಟ್ಟಲು, ಇನ್ನೊಂದರಲ್ಲಿ ಹಾಳೆ ಹಿಡಿದು ಬಂದಳು. ತಂಗಿಯ ಬಾಗಿಲ ಪಕ್ಕದಲ್ಲೇ, ಕಣ್ಣಿಗೆ ಹೊಡೆಯುವ ಜಾಗದಲ್ಲಿ ಹಚ್ಚಿದಳು. ಬೋರಲು ಗಡಿಗೆ. ಅವಳು ಬರೆದದ್ದರಲ್ಲೆಲ್ಲ ಚೆಂದದ್ದು ಅದು. ಕಂಠಕ್ಕೆ ಕೆಮ್ಮಣ್ಣಿನ ಎಳೆ ಎಳೆದಿದ್ದಳು, ಹೊಟ್ಟೆಗೆ ಹೊಳಪು ಕೊಟ್ಟಿದ್ದಳು.

ದೇವೀರಿ ಹೊಸ್ತಿಲ ಮೇಲೆ ನಿಂತು ನೋಡಿದಳು. ಮುಖ ಸಣ್ಣದಾಯಿತು.

"ಅಕ್ಕ, ನೀನೂನಾ?"

"ನಿನ್ನ ಒಳ್ಳೇದಕ್ಕೇ ಕಣೆ. ಈ ವಯಸ್ಸಲ್ಲಿ ಆಸೆ ಇಟ್ಕೊಂಡು ಕೂರಬೇಡ. ಏನಾದ್ರೂ ಆದ್ರೆ ಆ ಕೆರೆಯೋ ಸದ್ದು ನೀನು ತಡ್ಕೊಳಲ್ಲ. ನಾನು ತಡ್ಕೊಂಡಿದ್ದು ನಂಗೇ ಗೊತ್ತು."

ಅಕ್ಕನೇ ಹೀಗೆ ಹಚ್ಚಿದ ಮೇಲೆ ಬೀದಿಯವರದ್ದೇನು? ಕುರಿ ಹಿಂದೆ ಕುರಿ. ಸಂಜೆಯ ಹೊತ್ತಿಗೆ ಕರಿಯಣ್ಣನ ಗೋಡೆಯ ತುಂಬ ಬೋರಲು ಗಡಿಗೆಗಳು, ನಡುವೆ ನನ್ನದೊಂದು ಕುಂಬಳಕಾಯಿ. ಪಾಪ, ಕರಿಯಣ್ಣ ಗಿರಣಿಯಿಂದ ಬಂದವನು ಗೋಡೆಯ ಮುಂದೆ ಬಹಳ ಹೊತ್ತು ನಿಂತು, ಮೈಮೇಲಿನ ಹಿಟ್ಟನ್ನೂ ಕೊಡವದೆ ಒಳಗೆ ಹೋದ. ದೇವೀರಿ ಅಷ್ಟೂ ತಿಂಗಳು ಆ ಗೋಡೆಯ ಪಕ್ಕದಲ್ಲೇ ನೀರು ತಂದಳು, ಹಪ್ಪಳ ಒಣಗಿಸಿದಳು, ಅಕ್ಕಿ ಆರಿಸಿದಳು. ತಲೆಯೆತ್ತಿ ಗೋಡೆ ನೋಡುತ್ತಿರಲಿಲ್ಲ. ಅಕ್ಕ ಮಾತ್ರ ದಿನವೂ ಬರುತ್ತಿದ್ದಳು, ತಂಗಿಯ ಕಾಲು ಒತ್ತುತ್ತಿದ್ದಳು, ಮೆಂತ್ಯದ ಗಂಜಿ ಕುಡಿಸುತ್ತಿದ್ದಳು. ಪ್ರೀತಿಯಿರಲಿಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ.

ಒಂದು ಬೆಳಗ್ಗೆ ನೋವು ಬಂತು. ಸೂಲಗಿತ್ತಿ ನಂಜವ್ವ ಒಳಗೆ, ಬಿಸಿನೀರು ಹಿಡಿದು ಚೆನ್ನಾಜಮ್ಮ ಒಳಗೆ, ನಾವೆಲ್ಲ ಜಗಲಿಯ ಮೇಲೆ. ಬಿಸಿಲು ಏರುವ ಹೊತ್ತಿಗೆ ಮಗು ಕಿಟಾರನೆ ಕಿರುಚಿತು ನೋಡಿ, ಅಬ್ಬಾ, ಅದೇನು ಗಂಟಲು! "ಹೆಣ್ಣು! ಗುಂಡುಕಲ್ಲು ಇದ್ದಂಗೈತೆ!" ಎಂದು ನಂಜವ್ವ ಕೂಗಿದಳು. ನಾವು ಎದ್ದು ಕುಣಿದೆವು. ಕರಿಯಣ್ಣ ಅಳುತ್ತಾ ನಗುತ್ತಾ ಬೆಲ್ಲದ ಉಂಡೆಯನ್ನೇ ಹೊತ್ತು ತಂದ. ಅಷ್ಟರಲ್ಲಿ ಚೆನ್ನಾಜಮ್ಮ ಒಳಗಿನಿಂದ ಬಂದಳು. ಮುಖ ಬೂದಿಯಾಗಿತ್ತು. "ಒಲೆ ಮೇಲೆ ಹಾಲಿಟ್ಟು ಬಂದಿದ್ದೆ" ಎಂದು ಯಾರ ಮುಖವನ್ನೂ ನೋಡದೆ ಮನೆಗೆ ಹೋದಳು. ಕೈಯಲ್ಲಿನ ಬಿಸಿನೀರಿನ ಚೊಂಬನ್ನೂ ಕೆಳಗಿಟ್ಟಿರಲಿಲ್ಲ.

ಹೆರಿಗೆಯ ಮೈಲಿಗೆ ಕಳೆಯುವ ಶುದ್ಧದ ದಿನ ಹಾಳೆ ಕೀಳುವ ಹಬ್ಬ. ಅಂಥ ಹಬ್ಬ ನಮ್ಮ ಬೀದಿ ಕಂಡಿರಲಿಲ್ಲ, ಯಾಕೆಂದರೆ ಎಲ್ಲರೂ ಸುಳ್ಳಾಗಿದ್ದೆವು! ಸಾಲಾಗಿ ನಿಂತು ಕಿತ್ತೆವು, ಬೈಸಿಕೊಂಡೆವು, ಬೆಲ್ಲ ತಿಂದೆವು. ಗೋಡೆ ಬಯಲಾಯಿತು. ಬಾಗಿಲ ಪಕ್ಕದ ಒಂದು ಹಾಳೆ ಉಳಿಯಿತು.

"ಬರ್ತಾಳೆ ಬಿಡಿ. ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ?" ಎಂದರು. ಚೆನ್ನಾಜಮ್ಮ ಬರಲಿಲ್ಲ. ಮಗುವಿಗೆ ಚಂದ್ರಿ ಎಂದು ಹೆಸರಿಟ್ಟ ದಿನ ಮೂಡ್ಲಯ್ಯ ಒಬ್ಬನೇ ಬೆಳ್ಳಿ ಉಡಿದಾರ ಹಿಡಿದು ಬಂದ. ಮಗು ಮಗುಚಿತು, ಅಂಬೆಗಾಲಿಟ್ಟಿತು, ನಡೆಯಿತು, ಮಾತು ಕಲಿಯಿತು. ಹಾಳೆ ಅಲ್ಲೇ ಇತ್ತು. ಕರಿಯಣ್ಣ ಮನೆಗೆ ಸುಣ್ಣ ಹೊಡೆಸಿದ. ಸುಣ್ಣ ಆ ಹಾಳೆಯ ಮೇಲೆ ನಿಲ್ಲದೆ ಜಾರಿತು. ಬೆಳ್ಳನೆಯ ಗೋಡೆಯ ಮೇಲೆ ಕರಿ ಗಡಿಗೆ ಮೊದಲಿಗಿಂತ ಹೆಚ್ಚು ಎದ್ದು ಕಂಡಿತು.

ಜನರ ಬಾಯಿಗೆ ಬಾಗಿಲುಂಟೇ? "ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಿಲ್ಲ" ಎಂದು ಆಡಿಕೊಂಡರು. "ಸ್ವಂತ ತಂಗಿ ಮನೆ, ಕಿತ್ತರೆ ಇವಳ ಗಂಟೇನು ಹೋಗೋದು? ಸೊಕ್ಕು" ಎಂದರು. ಬೇರೆ ಮನೆಗಳಿಗೆ ಹಾಳೆ ಹಚ್ಚುವಾಗ ಮೂಡ್ಲಯ್ಯನೇ ಬರೆದು ತರುತ್ತಿದ್ದ. ಅವನ ಗಡಿಗೆ ನನ್ನದಕ್ಕಿಂತ ಕಡೆ. ಅವನು ಹೆಂಡತಿಯನ್ನು ಬೇಡಿಕೊಂಡದ್ದು ನನ್ನ ಕಿವಿಗೇ ಬಿದ್ದಿದೆ. "ಹೋಗಿ ಕಿತ್ತಾಕಿ ಬಾರೆ. ಒಂದು ಗಳಿಗೆ ಕೆಲಸ. ನಾಚಿಕೆ ಏನಿದ್ರೂ ಬೆಲ್ಲ ತಿಂದ ತಕ್ಷಣ ಮುಗಿಯುತ್ತೆ." ಅದಕ್ಕೆ ಅವಳು, "ಬೆಲ್ಲ ತಿಂದ್ರೆ ಮುಗಿಯೋ ನಾಚಿಕೆ ಅಲ್ಲ ನಂದು" ಎಂದಳು. ಆಗ ನನಗೆ ಅರ್ಥವಾಗಲಿಲ್ಲ. ಸೊಕ್ಕಿನ ಮಾತು ಅಂದುಕೊಂಡೆ.

ಅವಳು ತಂಗಿಯ ಮನೆಯ ಕಡೆ ಬರುವುದನ್ನೇ ಬಿಟ್ಟಳು. ನೀರಿಗೆ ಹೋಗಬೇಕಾದರೆ ಹಿಂದಿನ ಓಣಿಯಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಬೇರೆ ದಾರಿಯಿಲ್ಲದೆ ಆ ಮನೆಯ ಮುಂದೆ ಹಾಯಬೇಕಾಗಿ ಬಂದರೆ ಸೆರಗನ್ನು ಕಣ್ಣಿನ ತನಕ ಎಳೆದುಕೊಂಡು ಬಿರಬಿರನೆ ನಡೆಯುತ್ತಿದ್ದಳು. ಮಗು ಕಂಡರೆ ಇನ್ನೂ ಬೇಗ. ದೇವೀರಿಯೂ ಅಕ್ಕನನ್ನು ಕರೆಯಲಿಲ್ಲ. ಹಾಳೆ ಕೀಳು ಬಾ ಎಂದು ಒಂದು ಮಾತು ಹೇಳಿ ಕಳಿಸಲಿಲ್ಲ. ಹುಳಿಯ ಬಟ್ಟಲು ಆ ಕಡೆಯಿಂದ ಈ ಕಡೆಗೆ ಹೋಗುವುದು ನಿಂತಿತು.

ಹೀಗಿರುವಾಗ ಒಂದು ದಿನ ಬೆಳಗ್ಗೆ ಚೆನ್ನಾಜಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದಳು. ಚಂದ್ರಿ ಬಂದು ಎದುರಿಗೆ ನಿಂತಳು. ಎಣ್ಣೆ ಹಚ್ಚಿ ಬಾಚಿದ ತಲೆ, ಮೊಣಕಾಲ ತನಕ ಮಣ್ಣು.

"ದೊಡ್ಡಮ್ಮ, ರಾಗಿ ಕೊಡು."

ಚೆನ್ನಾಜಮ್ಮ ಚೊಂಬು ಕೆಳಗಿಟ್ಟಳಂತೆ. ಆ ಮಗು ಅವಳೊಡನೆ ಆಡಿದ ಮೊದಲ ಮಾತು ಅದು. "ಯಾಕವ್ವ ರಾಗಿ?" ಎಂದಳು.

"ಮರಿಗೆ ಹಾಕೋಕೆ. ಅವ್ವ ಡಬ್ಬ ಮೇಲಿಟ್ಟವ್ಳೆ. ನಂಗೆ ಎಟಕಲ್ಲ."

"ಯಾವ ಮರಿ?"

"ಅಯ್ಯೋ, ನಿನ್ ಮರಿ! ನೀನೇ ಬರ್ದಿದ್ದಂತೆ!" ಎಂದಳು ಚಂದ್ರಿ. ಇಷ್ಟೂ ಗೊತ್ತಿಲ್ಲದ ದೊಡ್ಡವಳ ಬಗ್ಗೆ ಮಗುವಿಗೆ ಸಿಟ್ಟೇ ಬಂತು. ಬೆರಳು ಹಿಡಿದು ಎಳೆಯಿತು. ಚೆನ್ನಾಜಮ್ಮ ಹೋಗದೆ ಏನು ಮಾಡುತ್ತಾಳೆ? ಎಷ್ಟೋ ಕಾಲದ ಮೇಲೆ ಆ ಗೋಡೆಯ ಮುಂದೆ ಬಂದು ನಿಂತಳು. ನಾನು ಜಗಲಿಯ ಮೇಲೆ ಮೊರ ಹಿಡಿದವಳು ಕೇರುವುದನ್ನು ಮರೆತು ನೋಡಿದೆ.

ಗೋಡೆಯ ಬುಡದಲ್ಲಿ, ಸರಿಯಾಗಿ ಹಾಳೆಯ ಕೆಳಗೆ, ರಾಗಿ ಚೆಲ್ಲಿತ್ತು. ಹಳೆಯ ರಾಗಿ ಮೊಳೆತು ಒಂದೆರಡು ಹಸಿರು ಎಳೆಯೂ ಎದ್ದಿತ್ತು. ಚಿಪ್ಪಿನಲ್ಲಿ ನೀರು. ಚಂದ್ರಿ ಕಾಲಬೆರಳ ಮೇಲೆ ನಿಂತು ಹಾಳೆಗೆ ಕಿವಿಯಿಟ್ಟು, "ಶ್, ಮಲಗವೆ" ಎಂದಳು. ನಮ್ಮ ಮನೆಯಲ್ಲಿ ಕೋಳಿಮರಿಗಳನ್ನು ಬಿದಿರಿನ ಮಂಕರಿ ಬೋರಲು ಹಾಕಿ ಮುಚ್ಚುವುದನ್ನು ಮಗು ದಿನವೂ ನೋಡುತ್ತಿತ್ತು. ತನ್ನ ಮನೆಯ ಗೋಡೆಯ ಮೇಲಿನದೂ ಮಂಕರಿಯೇ ಎಂದು ತಿಳಿದಿತ್ತು. ಹುಟ್ಟಿದಾಗಿನಿಂದ ತನಗಾಗಿ ದೊಡ್ಡಮ್ಮ ಬರೆದಿಟ್ಟ ಮಂಕರಿ, ಅದರೊಳಗೆ ತನ್ನ ಮರಿಗಳು. ಬೆಳಗ್ಗೆ ಎದ್ದು ಅವಕ್ಕೆ ಕಾಳು ಹಾಕದೆ ತಾನು ತಿನ್ನುತ್ತಿರಲಿಲ್ಲವಂತೆ.

ಚೆನ್ನಾಜಮ್ಮ ನಿಂತೇ ಇದ್ದಳು. ನೆಲ ಬಾಯಿ ಬಿಡಬಾರದೇ ಎಂದು ಅನ್ನಿಸಿತಂತೆ ಅವಳಿಗೆ. ಮನೆಯಿಂದ ರಾಗಿ ತಂದು ಮಗುವಿನ ಕೈಗೆ ಕೊಟ್ಟು ಹೋದವಳು ಅಂದು ಒಲೆ ಹಚ್ಚಲಿಲ್ಲ.

ಮಾರನೆಯ ದಿನ ಬಿಸಿಲು ಬಂದ ಮೇಲೆ ಅವಳು ಹೊರಬಿದ್ದಳು. ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ಕೆರೆಯುವ ತಗಡು. ಸೆರಗು ಮುಖಕ್ಕೆ ಎಳೆದುಕೊಂಡಿರಲಿಲ್ಲ. ಬೀದಿಯ ಆ ತುದಿಯಿಂದ ನಡುರಸ್ತೆಯಲ್ಲೇ ನಡೆದುಕೊಂಡು ಬಂದಳು. "ಬಂದ್ಲು, ಬಂದ್ಲು!" ಎಂದು ಮನೆಮನೆಯಿಂದ ಜನ ಹೊರಗೆ ಬಂದರು. ಗಿರಣಿಯ ಪಟ್ಟಿ ಬಿಚ್ಚಿ ಕರಿಯಣ್ಣ ಓಡಿ ಬಂದ. ದೇವೀರಿ ಸದ್ದು ಕೇಳಿ ಹೊಸ್ತಿಲಿಗೆ ಬಂದವಳು ಅಕ್ಕನನ್ನು ಕಂಡು, ಒಳಗೆ ಹೋಗಿ ತಟ್ಟೆಯಲ್ಲಿ ಬೆಲ್ಲ ಇಟ್ಟುಕೊಂಡು ಬಂದು ನಿಂತಳು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. ಕಟ್ಟಳೆಯಂತೆ ಚೊಂಬು ಇಸಿದುಕೊಂಡು ಅಕ್ಕನ ಕೈಗೆ ನೀರು ಹಾಕಿದಳು.

ಚೆನ್ನಾಜಮ್ಮ ಹಾಳೆಯ ಮೂಲೆಗೆ ಬೆರಳು ತಾಗಿಸಿದಳು ಅಷ್ಟೆ. ಮೂಲೆ ಹಾಲಿನ ಕೆನೆಯ ಹಾಗೆ ಎದ್ದು ಬಂತು. ತಗಡು ಬೇಕಾಗಿರಲಿಲ್ಲ, ನೀರೂ ಬೇಕಾಗಿರಲಿಲ್ಲ. ಇನ್ನೊಂದು ಸ್ವಲ್ಪ ಎಳೆದಿದ್ದರೆ ಎಲ್ಲ ಮುಗಿದು, ನಾವು ಬೈದು, ಅವಳು ಬೆಲ್ಲ ತಿಂದು ಮನೆಗೆ ಹೋಗಬಹುದಿತ್ತು. ಅವಳು ಎಳೆಯಲಿಲ್ಲ. ಎದ್ದ ಮೂಲೆಯನ್ನು ಹಿಡಿದುಕೊಂಡೇ ತಂಗಿಯ ಕಡೆ ತಿರುಗಿದಳು.

"ದೇವೀರಿ, ಒಂದು ಮಾತು ಹೇಳ್ಬೇಕು. ಹೇಳದೆ ಇದನ್ನ ಕೀಳಲ್ಲ ನಾನು."

"ಹೇಳು."

"ಹಾಳೆ ಸುಳ್ಳಾಯ್ತು ಅಂತ ನಾನು ಬರದೇ ಇದ್ದಿದ್ದಲ್ಲ. ಇವರೆಲ್ಲ ಹಂಗೆ ಅಂದ್ಕೊಂಡವ್ರೆ. ಅದಾಗಿದ್ರೆ ಅವತ್ತೇ ಬಂದು ಬೆಲ್ಲ ತಿಂತಿದ್ದೆ." ಅವಳು ಎದ್ದ ಮೂಲೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಅವತ್ತು ಮಗು ಕಿರುಚ್ತಲ್ಲ, ನಂಗೆ ಸಂತೋಷ ಆಗ್ಲಿಲ್ಲ ಕಣೆ. ಮೊದ್ಲು ಅನ್ಸಿದ್ದು, ಅಯ್ಯೋ, ನನ್ನ ಹಾಳೆ ಸುಳ್ಳಾಯ್ತಲ್ಲ ಅಂತ. ಒಂದೇ ಗಳಿಗೆ. ಆಮೇಲೆ ಸಂತೋಷ ಆಯ್ತು, ಆಗ್ಲಿಲ್ಲ ಅಂತಲ್ಲ. ಆದ್ರೆ ಆ ಒಂದು ಗಳಿಗೆ ನಾನು ಏನ್ ಬಯಸ್ದೆ ಹೇಳು? ನನ್ನ ಹಾಳೆ ನಿಜ ಆಗ್ಬೇಕು ಅಂದ್ರೆ ಏನಾಗ್ಬೇಕಿತ್ತು? ನನ್ನ ಒಡಹುಟ್ಟಿದ ತಂಗಿ ಮಗು... ಥೂ. ನನ್ನ ಹೊಟ್ಟೇಲಿ ಹುಟ್ಟಿದ್ದು ಹೋದಾಗ ನಾನು ಸಾಯ್ಲಿಲ್ಲ. ಅವತ್ತು ಸತ್ತೆ ಕಣೆ, ನಾಚಿಕೇಲಿ."

ಮೂಡ್ಲಯ್ಯ ತಲೆ ತಗ್ಗಿಸಿ ನಿಂತಿದ್ದ. ಅಷ್ಟು ದಿನ ಸೊಕ್ಕು ಸೊಕ್ಕು ಎಂದವರೆಲ್ಲ ಕಾಲ ಬೆರಳು ನೋಡಿಕೊಳ್ಳುತ್ತಿದ್ದೆವು.

"ಗೊತ್ತು" ಎಂದಳು ದೇವೀರಿ.

ಚೆನ್ನಾಜಮ್ಮ ತಲೆಯೆತ್ತಿದಳು.

"ನಿನ್ನ ಮುಖ ನೋಡ್ದೆ ನಾನು. ನೋವಲ್ಲಿ ಕಣ್ಣು ಮುಚ್ಕೊಂಡವ್ಳೆ ಅಂದ್ಕೊಂಡಿದ್ದೆ ನೀನು. ಮಗು ಮುಖ ನೋಡೋದಕ್ಕೆ ಮುಂಚೆ ನಾನು ನೋಡಿದ್ದು ನಿನ್ನ ಮುಖಾನೇ ಅಕ್ಕ." ದೇವೀರಿ ಬೆಲ್ಲದ ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡಳು. "ಅದಕ್ಕೇ ನಿನ್ನ ಕರೀಲಿಲ್ಲ. ನೀನು ಬಂದು ಬರೀ ಹಾಳೆ ಕಿತ್ತು, ನಕ್ಕು, ಬೆಲ್ಲ ತಿಂದು ಹೋಗ್ಬಿಟ್ರೆ ಏನ್ ಮಾಡ್ಲಿ ಅಂತ ಹೆದರ್ತಿದ್ದೆ. ಆಗ ನಂಗೆ ಅಕ್ಕ ಅನ್ನೋಳೇ ಇರ್ತಿರ್ಲಿಲ್ಲ."

"ಮತ್ತೆ ಆ ಮಗೂಗೆ ಮರಿ ಅಂತ ಯಾಕೆ ಹೇಳ್ದೆ? ನಂಗೆ ಚಾಟೀಲಿ ಹೊಡೆದಂಗಾಯ್ತು."

"ನಾನೆಲ್ಲಿ ಹೇಳ್ದೆ? ಹೊನ್ನಕ್ಕನ ಮಂಕರಿ ನೋಡಿ ಅವಳೇ ಅಂದ್ಲು. ಅದು ಯಾರು ಬರ್ದಿದ್ದು ಅಂತ ಕೇಳಿದ್ಲು, ನಿಮ್ಮ ದೊಡ್ಡಮ್ಮ ನಿಂಗೋಸ್ಕರ ಬರ್ದವ್ಳೆ ಅಂದೆ. ಅದು ಸುಳ್ಳಲ್ವಲ್ಲ. ಅರ್ಥ ಏನು ಅಂತ ಹೇಳೋಕೆ ಬಾಯಿ ಬರ್ಲಿಲ್ಲ ನಂಗೆ."

ಬೀದಿಯ ಹಿರಿಯ ಹನುಮಂತಜ್ಜ ಕೆಮ್ಮಿ, "ಆಯ್ತಲ್ಲ, ಹೇಳಿದ್ದಾಯ್ತು, ಕೇಳಿದ್ದಾಯ್ತು. ಕಿತ್ತಾಕು ಮಗಳೇ" ಎಂದರು. ಚೆನ್ನಾಜಮ್ಮ ಕಣ್ಣೊರಸಿಕೊಂಡು ಹಾಳೆಗೆ ಎರಡು ಕೈ ಹಾಕಿದಳು. ಅರ್ಧ ಎದ್ದಿತ್ತು. ಆಗ ಚಂದ್ರಿ ನಿದ್ದೆಗಣ್ಣಲ್ಲಿ ಎದ್ದು ಹೊರಗೆ ಬಂದಳು. ಮುಷ್ಟಿಯಲ್ಲಿ ರಾಗಿಯಿತ್ತು. ದೊಡ್ಡಮ್ಮನ ಕೈ ಕಂಡು ಅವಳು ಕಿರುಚಿದ್ದನ್ನು ಕೇಳಿ ನನಗೆ ಅವಳು ಹುಟ್ಟಿದ ದಿನ ನೆನಪಾಯಿತು.

"ಬೇಡ ದೊಡ್ಡಮ್ಮ! ತೆಗೀಬೇಡ! ಹದ್ದು ಹೊತ್ಕೊಂಡು ಹೋಗುತ್ತೆ! ಮುಚ್ಚು, ಮುಚ್ಚು!"

ಮಗು ಬಂದು ಅವಳ ಕಾಲು ತಬ್ಬಿಕೊಂಡಿತು. ರಾಗಿ ಎಲ್ಲ ಚೆಲ್ಲಿಹೋಯಿತು. ಚೆನ್ನಾಜಮ್ಮ ಅರ್ಧ ಕಿತ್ತ ಹಾಳೆಯನ್ನು ಹಿಡಿದುಕೊಂಡು ನಿಂತುಬಿಟ್ಟಳು. ಪೂರ್ತಿ ಕಿತ್ತರೆ ಅವಳ ನಾಚಿಕೆ ಗೋಡೆ ಬಿಟ್ಟು ಇಳಿಯುತ್ತಿತ್ತು. ಮತ್ತೆ ಕಾಡಿಗೆ ಅರೆಯಬಹುದಿತ್ತು, ಬೇವಿನ ಕಡ್ಡಿ ಹಿಡಿಯಬಹುದಿತ್ತು, ಬೀದಿಯವರು ಮೊದಲಿನಂತೆ ಅವಳ ಹಾಳೆಗಾಗಿ ಕಾಯುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದೂ ಅದೇ. ಅಷ್ಟು ವರ್ಷ ಕೈ ಕಟ್ಟಿ ಕೂತವಳ ಸಂಕಟ ನನಗೆ ಗೊತ್ತು. ಕಾಲ ಬುಡದಲ್ಲಿ ಮಗು ಬಿಕ್ಕುತ್ತಿತ್ತು.

"ದೇವೀರಿ, ಒಂಚೂರು ರಾಗಿ ಗಂಜಿ ತತ್ತಾರೆ" ಎಂದಳು.

"ಏನಮ್ಮ ಇದು, ಕಿತ್ತ ಹಾಳೆ ಮತ್ತೆ ಅಂಟಿಸ್ತಾರಾ? ಪದ್ಧತಿ ಅಲ್ಲ ಇದು!" ಎಂದು ಹನುಮಂತಜ್ಜ ಗದರಿಸಿದರು. "ಇದು ಗೋಡೆ ಮೇಲೆ ಇದ್ರೆ ನೀನು ಇನ್ನೆಲ್ಲೂ ಹಚ್ಚೋ ಹಂಗಿಲ್ಲ. ಸಾಯೋ ತನಕ. ತಿಳ್ಕೊಂಡಿದ್ದೀಯಾ?"

"ತಿಳ್ಕೊಂಡಿದ್ದೀನಿ ಅಜ್ಜ. ಇರ್ಲಿ. ಸುಳ್ಳು ನಂದು, ಎಲ್ರೂ ನೋಡ್ಲಿ. ಮರಿ ಅವಳ್ದು."

ದೇವೀರಿ ಒಳಗೆ ಹೋದಳು. ಬೆಲ್ಲದ ತಟ್ಟೆ ಒಳಗಿಟ್ಟು ಗಂಜಿಯ ಬಟ್ಟಲು ಹಿಡಿದು ಬಂದಳು. ಹಾಳೆ ಕೀಳದವರಿಗೆ ಬೆಲ್ಲವಿಲ್ಲ, ಅದೂ ಕಟ್ಟಳೆಯೇ. ಅಕ್ಕ ಹಾಳೆ ಹಿಡಿದಳು, ತಂಗಿ ಗಂಜಿ ಸವರಿದಳು. ಇಬ್ಬರೂ ನಾಲ್ಕು ಅಂಗೈ ಊರಿ ಒತ್ತಿದರು. ಒತ್ತುತ್ತಾ ಅಳುತ್ತಿದ್ದರು. ಚಂದ್ರಿ ಹಾಳೆಗೆ ಕಿವಿಯಿಟ್ಟು ಕೇಳಿ, "ಎಲ್ಲಾ ಅವೆ" ಎಂದಳು.

ಇವತ್ತಿಗೂ ಅದು ಅಲ್ಲೇ ಇದೆ. ಹುಳಿಯ ಬಟ್ಟಲು ಮತ್ತೆ ಓಡಾಡುತ್ತಿದೆ. ಬೀದಿಯಲ್ಲಿ ಯಾವ ಮನೆಯವರು ಕಾಯುತ್ತಿದ್ದರೂ ಹಾಳೆ ತರುವವನು ಮೂಡ್ಲಯ್ಯನೇ, ಗಡಿಗೆ ಅಷ್ಟಕ್ಕಷ್ಟೇ. ಚೆನ್ನಾಜಮ್ಮ ಪ್ರತಿದಿನ ಬೆಳಗ್ಗೆ ಸೆರಗಿನಲ್ಲಿ ರಾಗಿ ಕಟ್ಟಿಕೊಂಡು ಬರುತ್ತಾಳೆ, ಚಂದ್ರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಗೋಡೆಯ ಬುಡಕ್ಕೆ ಕಾಳು ಹಾಕುತ್ತಾಳೆ. ನಮ್ಮ ಪದ್ಧತಿ ಅರೆಬರೆ ತಿಳಿದ ಹೊರ ಊರಿನವರು ಯಾರಾದರೂ ಹಾದುಹೋಗುವಾಗ ನಿಂತು, "ಮಗು ಇಷ್ಟು ದೊಡ್ಡದಾಗೈತೆ, ಇನ್ನೂ ಕಿತ್ತಿಲ್ವಲ್ಲ! ಯಾವ ಪುಣ್ಯಾತ್ಗಿತ್ತೀದಮ್ಮ ಈ ಸುಳ್ಳು ಹಾಳೆ?" ಎಂದು ಕೇಳುತ್ತಾರೆ. ಬೀದಿಯವರು ಕೇಳಿಸದವರಂತೆ ಮುಖ ತಿರುಗಿಸುತ್ತೇವೆ. ಚಂದ್ರಿ, "ಮೆಲ್ಲಗೆ ಮಾತಾಡಿ, ಮರಿ ಮಲಗವೆ" ಎಂದು ಗದರುತ್ತಾಳೆ. ಚೆನ್ನಾಜಮ್ಮನ ಮುಖ ಇವತ್ತಿಗೂ ಕಿವಿಯವರೆಗೆ ಕೆಂಪಾಗುತ್ತದೆ. ಆದರೂ ಕೈಯ ರಾಗಿ ಕೊಡವಿ ಎದ್ದು ನಿಲ್ಲುತ್ತಾಳೆ, ಸೆರಗು ಎಳೆದುಕೊಳ್ಳದೆ ಅವರ ಮುಖ ನೋಡಿಯೇ ಹೇಳುತ್ತಾಳೆ.

"ನಂದು."